11 ವರ್ಷದ ರೇಷನ್ನಿಗೆ ಬಿಲ್ಲು ಎಲ್ಲಿಂದ ತರಲಿ?

ಡೈವೋರ್ಸಿನ ಮೀಡಿಯೇಷನ್ ಮುಗಿಸಿ ಬಂದು ಗಂಟೆ ಎರಡಾಯ್ತು, ಸೆರಗಿನ ಪಿನ್ನೂ ತೆಗೆದಿಲ್ಲ. ಕಿವಿಯಲ್ಲಿ ಅದೊಂದೇ ಮಾತು. "ರೇಷನ್ನಿಗೆ ಬಿಲ್ ಇದೆಯೇನಮ್ಮಾ?"

ಕೇಳಿದ್ದು ನನ್ನ ಗಂಡನ ಲಾಯರು. ನನ್ನ ಪಾಸ್‌ಬುಕ್ಕಿನ ಮೇಲೆ ಪೆನ್ನು ಕುಟ್ಟುತ್ತಾ ಒಂದೊಂದೇ ಸಾಲು ಓದಿದರು. ಎಟಿಎಂ 5,000. ಎಟಿಎಂ 3,000. "ಇದು ಮನೆಗೇ ಹೋಯ್ತು ಅನ್ನೋದಕ್ಕೆ ಏನಿದೆ? ಮನೆ ಲೋನಿನ ಕಂತು ಒಂದಾದರೂ ಇದರಲ್ಲಿ ಇದೆಯಾ, ತೋರಿಸಿ." ಇಲ್ಲ. ಕಂತು ಗಂಡನ ಅಕೌಂಟಿಂದ ಹೋಗಲಿ, ಮನೆ ಖರ್ಚು ನಿನ್ನ ಸಂಬಳದಲ್ಲಿ ನಡೀಲಿ ಅಂತ ಎಲ್ಲರೂ ಕೂತು ಮಾತಾಡಿಕೊಂಡಿದ್ದಲ್ವಾ! ಅಕ್ಕಿ, ಬೇಳೆ, ಗ್ಯಾಸು, ಕರೆಂಟು, ಮಗಳ ಸ್ಕೂಲ್ ಫೀಸು, ಮಾವನವರ ಶುಗರ್ ಮಾತ್ರೆ. ನಾನು ಗಂಡನ ಮುಖ ನೋಡಿದೆ. "ಹೌದು, ಅವಳೇ ನೋಡ್ಕೋತಿದ್ದಳು" ಅಂತ ಒಂದು ಮಾತು ಸಾಕಿತ್ತು. ಅವರು ಮೊಬೈಲ್ ನೋಡ್ತಾ ಕೂತಿದ್ದರು. (ಇನ್ನೂ 'ಅವರು' ಅಂತಲೇ ಬರ್ತಿದೆ ಬಾಯಲ್ಲಿ.)

ಆಮೇಲೆ ದೊಡ್ಡ ಉಪಕಾರ ಮಾಡೋರ ಥರ ಹೇಳಿದರು, "ಪಾತ್ರೆಗಳ ಮೇಲೆ ಅವಳ ಹೆಸರಿದೆ, ತಗೊಂಡು ಹೋಗಲಿ." ನಾನು ತಲೆ ಆಡಿಸಿಬಿಟ್ಟೆ. ಯಾಕೆ ಆಡಿಸಿದೆನೋ ಗೊತ್ತಿಲ್ಲ, ಅದೇ ನುಂಗೋಕಾಗ್ತಿಲ್ಲ.

ನಮ್ಮ ಲಾಯರಮ್ಮ ಮೆಟ್ಟಿಲ ಮೇಲೆ ನಿಲ್ಲಿಸಿ ವಿವರಿಸಿದರು. ಸ್ತ್ರೀಧನ, ಅಂದ್ರೆ ಮದುವೆಯಲ್ಲಿ ನನಗೆ ಕೊಟ್ಟ ಒಡವೆ, ಪಾತ್ರೆ ಎಲ್ಲ ನನ್ನದೇ, 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಿಂದೂ ವಿವಾಹ ಕಾಯ್ದೆಯ 25ನೇ ಕಲಂನಲ್ಲಿ ಜೀವನಾಂಶ ಕೇಳಬಹುದು. ಆದರೆ ಮದುವೆ ಆದಮೇಲೆ ಮಾಡಿದ ಮನೆಯಲ್ಲಿ ಹೆಂಡತಿಗೆ ಅರ್ಧ ಅನ್ನೋ ಕಾನೂನು ನಮಗಿಲ್ಲವಂತೆ. ಕ್ರಯಪತ್ರದಲ್ಲಿ ಹೆಸರಿರಬೇಕು, ಇಲ್ಲ ದುಡ್ಡು ಹಾಕಿದ್ದಕ್ಕೆ ಪುರಾವೆ ಬೇಕು. ಕಾರವಾರ ದಾಟಿದರೆ ಗೋವಾ. ಅಲ್ಲಿಯವರಿಗೆ ಪೋರ್ಚುಗೀಸರ 1867ರ ಸಂಹಿತೆ ಇವತ್ತಿಗೂ ನಡೀತಿದೆ, ಮದುವೆಗೆ ಮುಂಚೆ ಬೇರೆ ಕರಾರು ಬರೆದುಕೊಳ್ಳದಿದ್ದರೆ ಆಸ್ತಿ ಇಬ್ಬರಿಗೂ ಸಮಪಾಲು. ಅಲ್ಲಿನ ಹೆಂಗಸು ಉಣ್ಣೋದೂ ಅನ್ನವೇ, ನಾನು ಬೇಯಿಸಿ ಹಾಕಿದ್ದೂ ಅನ್ನವೇ.

ಬಿಡಿ, ಆ ಮನೆ ಬೇಡವೇ ಬೇಡ. ನೆಮ್ಮದಿ ಸಾಕು.

ಅಲ್ಲ, ಯಾಕೆ ಬೇಡ? ನಾನು ಅಡುಗೆ ಮನೆ ನಡೆಸದಿದ್ದರೆ ಅವರ ಸಂಬಳದಲ್ಲಿ ಕಂತಿಗೆ ಉಳೀತಿತ್ತಾ? ತಿಳಿದೋರು ಯಾರಾದರೂ ಇದ್ದರೆ ಇದಕ್ಕೊಂದು ಉತ್ತರ ಹೇಳಿ. ಸಮಾಧಾನದ ಮಾತು ಬೇಡ, ಉತ್ತರ ಬೇಕು.

ಈಗಷ್ಟೇ ಮೆಸೇಜ್ ಬಂತು. ಭಾನುವಾರ 10 ಗಂಟೆಗೆ ಬಂದು ಪಾತ್ರೆ ಒಯ್ಯಬೇಕಂತೆ, ಟೆಂಪೋ ನಾನೇ ಮಾಡ್ಕೊಂಡು ಬರಬೇಕಂತೆ. ಹೋಗಲ್ಲ. ಆದರೆ ಆ ಕೊಳಗದ ಮೇಲಿನ ಹೆಸರು ಅಪ್ಪ ಅಂಗಡಿ ಮುಂದೆ ನಿಂತು ಕೆತ್ತಿಸಿದ್ದು.