ಬಂಜೆಗೊಂದು ಪುಲ್ಲಿಂಗ ಬೇಕಾಗಿದೆ

ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರ ವರೆಗೆ ನಮ್ಮ ದೇಶದಲ್ಲಿ ಪುರುಷ ಸಂತಾನಹರಣ ಶಸ್ತ್ರಚಿಕಿತ್ಸೆಯ ಪಾಕ್ಷಿಕವನ್ನು ಆಚರಿಸಲಾಗುತ್ತದೆ ಎಂಬ ಸಂಗತಿ ನಮ್ಮ ಕಡೆಯ ಬಹುಪಾಲು ಗಂಡಸರಿಗೆ ತಿಳಿಯದು. ಅದು ಅವರ ತಪ್ಪಲ್ಲ. ಆ ಸಂಗತಿಯನ್ನು ಪ್ರತಿ ವರ್ಷವೂ ತಪ್ಪದೆ ಹೆಂಗಸರಿಗೆ ತಿಳಿಸಲಾಗುತ್ತದೆ. ಕಾಸರಗೋಡು ಜಿಲ್ಲೆಯ ಬಡಗು ಭಾಗದ ಒಂದು ಪಂಚಾಯತಿನ ಸಭಾಭವನದಲ್ಲಿ ಇಂಥದೊಂದು ತಿಳುವಳಿಕಾ ಕಾರ್ಯಕ್ರಮವನ್ನು ನಾನು ಕಣ್ಣಾರೆ ಕಂಡೆ. ನಿವೃತ್ತ ಅಧ್ಯಾಪಕನಾದ್ದರಿಂದ ಮಲಯಾಳದ ಭಾಷಣಗಳನ್ನು ಕನ್ನಡಕ್ಕೆ ತಂದು ಹೇಳುವ ಕೆಲಸಕ್ಕೆ ನನ್ನನ್ನು ಕರೆದಿದ್ದರು.

ಸಭೆಯಲ್ಲಿದ್ದವರು ಕೇರಳದ ಸ್ವಸಹಾಯ ಸಂಘಗಳಾದ ಕುಟುಂಬಶ್ರೀಯ ಹೆಂಗಸರು, ಅಂಗನವಾಡಿಯ ತಾಯಂದಿರು ಮತ್ತು ತೊಡೆಯ ಮೇಲೆ ಮಲಗಿದ್ದ ಮೂರು ಶಿಶುಗಳು. ಗಂಡಸರೆಲ್ಲ ವೇದಿಕೆಯ ಮೇಲಿದ್ದರು. ಹಿಂದೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ದೊಡ್ಡ ಅಕ್ಷರಗಳ ಮಲಯಾಳ, ಅದರ ಕೆಳಗೆ ಇರುವೆಸಾಲಿನಂಥ ಕನ್ನಡ, ಬಲಬದಿಯಲ್ಲಿ ಎರಡು ಮಕ್ಕಳನ್ನು ಅಪ್ಪಿಕೊಂಡು ನಗುತ್ತಿರುವ ಒಬ್ಬ ಹೆಂಗಸಿನ ಚಿತ್ರ. ಗಂಡಸಿನ ಆಪರೇಷನ್ನಿನ ಜಾಹೀರಾತಿನಲ್ಲಿ ಗಂಡಸನ್ನು ಹುಡುಕಿದೆ. ಮೂಲೆಯಲ್ಲಿ ಪ್ರಾಯೋಜಕರಾದ ಬಟ್ಟೆ ಅಂಗಡಿಯವರ ಭಾವಚಿತ್ರ ಸಿಕ್ಕಿತು.

ಡಾಕ್ಟರರು ಯುವಕರು, ಒಳ್ಳೆಯವರು. 1974ರಲ್ಲಿ ಚೀನಾದ ಲೀ ಶುನ್‌ಚಿಯಾಂಗ್ ಎಂಬ ವೈದ್ಯರು ರೂಪಿಸಿದ ವಿಧಾನ ಇದೆಂದೂ, ಇದಕ್ಕೆ ಕತ್ತಿಯ ಗಾಯವಾಗಲಿ ಹೊಲಿಗೆಯಾಗಲಿ ಬೇಡವೆಂದೂ, ಆ ಜಾಗಕ್ಕಷ್ಟೇ ಮರವಳಿಕೆ ಕೊಟ್ಟು ಸೂಜಿತೂತಿನಷ್ಟು ಚರ್ಮ ಬಿಡಿಸಿ ಕೆಲವೇ ನಿಮಿಷಗಳಲ್ಲಿ ಮುಗಿಸಬಹುದೆಂದೂ, ಅದೇ ದಿನ ನಡೆದುಕೊಂಡು ಮನೆಗೆ ಹೋಗಬಹುದೆಂದೂ, ಮೂರು ತಿಂಗಳು ಮಾತ್ರ ಬೇರೆ ಗರ್ಭನಿರೋಧದ ಜಾಗ್ರತೆ ಬೇಕೆಂದೂ, ಪುರುಷತ್ವಕ್ಕೆ ಇದರಿಂದ ಎಳ್ಳಷ್ಟೂ ಕುಂದಿಲ್ಲವೆಂದೂ ಅವರು ವಿವರಿಸಿದರು. ಈ ಕೊನೆಯ ಅಭಯವನ್ನು ಅವರು ಹೆಂಗಸರ ಕಡೆಗೆ ನೋಡಿಯೇ ಮೂರು ಬಾರಿ ಕೊಟ್ಟರು. ನಾನೂ ಮೂರು ಬಾರಿ ಅನುವಾದಿಸಿದೆ. ಮುಂದಿನ ಸಾಲಿನ ಅಜ್ಜಿಯೊಬ್ಬರು, ತಮ್ಮ ಪುರುಷತ್ವದ ಬಗ್ಗೆ ಯಾವ ಆತಂಕವೂ ಇಲ್ಲದವರಂತೆ, ಎಲೆ ಮಡಚುತ್ತಿದ್ದರು.

“ಗಂಡಸರು ಎಲ್ಲಿ?” ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿದೆ. “ಎಂತ ಮಾಡುವುದು ಮಾಷ್ಟ್ರೇ, ಮನೆಮನೆಗೆ ಹೋಗಿ ಕರೆದಿದ್ದೇನೆ. ನಮಗೆ ಪುರುಸೊತ್ತಿಲ್ಲ, ಇವಳನ್ನು ಕಳಿಸುತ್ತೇವೆ ಅಂತ ಹೇಳಿದರು” ಎಂದಳು. ಗಂಡನ ಬದಲು ಹೆಂಡತಿ ಬಂದು ಕೇಳುವುದು ರೇಷನ್ ಅಂಗಡಿಗೆ ಸರಿ. ಆಪರೇಷನ್ನಿಗೂ ಸರಿಯೆಂದು ಇಡೀ ದೇಶವೇ ಒಪ್ಪಿಕೊಂಡಿರುವುದು ಮಾತ್ರ ವೈದ್ಯಶಾಸ್ತ್ರದ ವಿಸ್ಮಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮದುವೆಯಾಗಿ ಹೆರುವ ಪ್ರಾಯದಲ್ಲಿರುವ ಹೆಂಗಸರಲ್ಲಿ ಶೇ. 37.9 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡನೇ ಮಾಡಿಸಿಕೊಂಡವನೆಂದು ಹೇಳಬಲ್ಲವರು ಶೇ. 0.3. ಹೊಟ್ಟೆಯ ಒಳಗೆ ಇಳಿಯಬೇಕಾದ ಕಷ್ಟದ ಕೆಲಸಕ್ಕೆ ನೂರಕ್ಕೆ ಮೂವತ್ತೆಂಟು, ಚರ್ಮದ ಅಡಿಯಲ್ಲೇ ಸಿಗುವ ಸುಲಭದ ಕೆಲಸಕ್ಕೆ ಸಾವಿರಕ್ಕೆ ಮೂರು. ಅದೇ ಸಮೀಕ್ಷೆಯಲ್ಲಿ, ಗರ್ಭನಿರೋಧವೆಂಬುದು ಹೆಂಗಸರ ವಿಷಯ, ಗಂಡಸು ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎಂಬ ಮಾತಿಗೆ ಸುಮಾರು ಶೇ. 35 ಗಂಡಸರು ಹೌದೆಂದರಂತೆ. ಉಳಿದ 65 ಮಂದಿಯ ಆಪರೇಷನ್ನುಗಳು ಎಲ್ಲಿ ನಡೆದವೋ!

ಸಮೀಕ್ಷೆಯವರನ್ನೂ ಸುಮ್ಮನೆ ಬಿಡುವಂತಿಲ್ಲ. 1992–93ರ ಮೊದಲ ಸುತ್ತಿನಲ್ಲಿ ಅವರು ಮಾತಾಡಿಸಿದ್ದು ಹೆಂಗಸರನ್ನು ಮಾತ್ರ, 1998–99ರಲ್ಲೂ ಹಾಗೆಯೇ. ಸಂತಾನದ ಲೆಕ್ಕ ಬರೆಯುವಾಗ ಗಂಡಸನ್ನೂ ಕೇಳಬಹುದೆಂದು ಹೊಳೆದದ್ದು 2005–06ರ ಮೂರನೆಯ ಸುತ್ತಿಗೆ. ಐದನೆಯ ಸುತ್ತಿನಲ್ಲಿ 7,24,115 ಹೆಂಗಸರು ಉತ್ತರಿಸಿದರೆ ಗಂಡಸರು 1,01,839. ಒಂದು ಫಲವತ್ತತೆಯ ದರವನ್ನು ಕಂಡುಹಿಡಿಯಲು ಏಳು ಹೆಂಗಸರು ಮತ್ತು ಒಬ್ಬ ಗಂಡಸು ಬೇಕೆಂದು ಇದರಿಂದ ತಿಳಿಯಬೇಕೇ?

ಗಂಡಸರು ಬರುವುದೇ ಇಲ್ಲ, ಅದು ಅವರ ಸ್ವಭಾವ ಎಂದು ವೇದಿಕೆಯ ಹಿರಿಯರೊಬ್ಬರು ತೀರ್ಪು ಕೊಟ್ಟರು. ಇದೇ ಕೇರಳದ ಎರ್ನಾಕುಳಂನಲ್ಲಿ 1971ರ ಜುಲೈ ತಿಂಗಳ ಒಂದೇ ಶಿಬಿರದಲ್ಲಿ 63,418 ಆಪರೇಷನ್ನುಗಳು ನಡೆದಿದ್ದವು, ಅವುಗಳಲ್ಲಿ ಕೆಲವು ನೂರು ಬಿಟ್ಟು ಉಳಿದವೆಲ್ಲ ಗಂಡಸರವು ಎಂಬುದನ್ನು ಅವರು ಮರೆತಿದ್ದರು. ಜಿಲ್ಲಾಧಿಕಾರಿ ಎಸ್. ಕೃಷ್ಣಕುಮಾರ್ ನಡೆಸಿದ ಆ ಶಿಬಿರಕ್ಕೆ ಜನ ಸಾಲುಗಟ್ಟಿ ಬಂದದ್ದರಲ್ಲಿ ಹಣದ ಮತ್ತು ಉಡುಗೊರೆಯ ಪಾತ್ರ ದೊಡ್ಡದಿತ್ತೆನ್ನಿ. ಬಡವನ ಬಡತನವನ್ನು ಹಿಡಿದು ಎಳೆದು ತಂದದ್ದನ್ನು ಸ್ವಇಚ್ಛೆ ಎನ್ನಲಾಗದು. ಮತ್ತೆ ತುರ್ತು ಪರಿಸ್ಥಿತಿ ಬಂತು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್ನುಗಳಾದವು, ಅವುಗಳಲ್ಲಿ ಸುಮಾರು 62 ಲಕ್ಷ ಗಂಡಸರವು. ಆ ಬಲಾತ್ಕಾರಕ್ಕೆ ಸರಕಾರವೇ ಉರುಳಿತು. ಗಂಡಸಿನ ಮೈಮುಟ್ಟಿದರೆ ಮತ ಹೋಗುತ್ತದೆಂದು ಅಂದು ಕಲಿತ ಪಾಠವನ್ನು ಎಲ್ಲ ಪಕ್ಷದವರೂ ಮರೆಯದೆ ಕಂಠಪಾಠವಾಗಿ ಇಟ್ಟುಕೊಂಡಿದ್ದಾರೆ. ಹೆಂಗಸಿನ ಮೈಮುಟ್ಟಿದರೆ ಸರಕಾರ ಉರುಳಿದ ದಾಖಲೆ ಇಲ್ಲವಾದ್ದರಿಂದ ಕುಟುಂಬ ಯೋಜನೆ ಅಲ್ಲಿಗೆ ಸ್ಥಳಾಂತರಗೊಂಡಿತು.

ಇಷ್ಟು ಬರೆಯುವ ನನ್ನ ಮನೆಯಲ್ಲಿ ಏನಾಯಿತೆಂದು ಓದುಗರು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಎರಡನೆಯ ಹೆರಿಗೆಯ ಬೆನ್ನಿಗೇ ಆಪರೇಷನ್ ಆದದ್ದು ಅವಳಿಗೆ. ನಾನು ಹೊರಗಿನ ಬೆಂಚಿನಲ್ಲಿ ಗಂಜಿಯ ಫ್ಲಾಸ್ಕು ಹಿಡಿದು ಕುಳಿತಿದ್ದೆ. ಒಪ್ಪಿಗೆಯ ಕಾಗದಕ್ಕೆ ಸಹಿ ಮಾತ್ರ ನನ್ನದು. ಅದನ್ನು ಕೇಳಿದ ನರ್ಸಿಗೂ ಕೊಟ್ಟ ನನಗೂ ಬೇರೆ ಯೋಚನೆ ಬರಲಿಲ್ಲ.

ಮಕ್ಕಳು ಬೇಡವೆನ್ನುವವರ ಕಥೆ ಹೀಗಾದರೆ ಬೇಕೆನ್ನುವವರದು ಇನ್ನೂ ರಸವತ್ತಾದದ್ದು. ಕನ್ನಡ ಅಧ್ಯಾಪಕನಾಗಿ ಮೂವತ್ತು ವರ್ಷ ಲಿಂಗ, ವಚನ, ವಿಭಕ್ತಿಗಳನ್ನು ಕಲಿಸಿದ ನನಗೆ ಬಂಜೆ ಎಂಬ ಪದದ ಪುಲ್ಲಿಂಗ ರೂಪ ಯಾವುದೆಂದು ಯಾವ ಮಗುವೂ ಕೇಳಲಿಲ್ಲ, ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ. ಅರಸನಿಗೆ ಅರಸಿ, ಕಳ್ಳನಿಗೆ ಕಳ್ಳಿ ಇರುವ ಭಾಷೆಯಲ್ಲಿ ಬಂಜೆ ಮಾತ್ರ ಒಂಟಿ. ಆಡುಮಾತಿನಲ್ಲಿ ಗಂಡಸಿಗೆ ಇರುವುದು ಷಂಡ ಎಂಬ ಬೈಗುಳ, ಅದು ಬೇರೆಯೇ ಸಂಗತಿ. ಹೀಗಾಗಿ ಆಸ್ಪತ್ರೆಯವರು ಗೋಡೆಯ ಮೇಲೆ ‘ಪುರುಷ ಬಂಜೆತನಕ್ಕೆ ಚಿಕಿತ್ಸೆ’ ಎಂದು ಬರೆಸಬೇಕಾಗಿದೆ; ಗಂಡಸಿನ ಕೊರತೆಗೂ ಹೆಂಗಸಿನ ಸೀರೆಯನ್ನೇ ಉಡಿಸಬೇಕಾಗಿದೆ. ಮಲಯಾಳದವರು ಗಂಡಸಿನ ಆಪರೇಷನ್ನಿಗೂ ‘ವಂಧ್ಯಂಕರಣಂ’, ಅಂದರೆ ಬಂಜೆಯಾಗಿಸುವುದು, ಎನ್ನುತ್ತಾರೆ. ಗಡಿಯ ಎರಡೂ ಭಾಷೆಗಳು ಒಮ್ಮತಕ್ಕೆ ಬಂದಿರುವ ಅಪರೂಪದ ವಿಷಯ ಇದೊಂದು.

ವ್ಯಾಕರಣದಲ್ಲಿ ಇಲ್ಲದ್ದು ಆಸ್ಪತ್ರೆಯ ಫೈಲಿನಲ್ಲಿ ಎಲ್ಲಿಂದ ಬರಬೇಕು? ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಕಾರಣದಲ್ಲಿ ಗಂಡಸಿನ ಪಾಲೂ ಇರುತ್ತದೆಂದು ವೈದ್ಯರು ಹೇಳುತ್ತಾರೆ, ವೀರ್ಯಪರೀಕ್ಷೆಯೋ ಅತ್ಯಂತ ಸುಲಭದ್ದು, ನೋವಿಲ್ಲದ್ದು. ಆದರೂ ನಮ್ಮಲ್ಲಿ ಮೊದಲು ಅವಳ ರಕ್ತ, ಆಮೇಲೆ ಅವಳ ಸ್ಕ್ಯಾನಿಂಗ್, ಆಮೇಲೆ ಅವಳ ನಾಳಕ್ಕೆ ಬಣ್ಣ ಹಾಯಿಸಿ ತೆಗೆಯುವ ಎಕ್ಸ್‌ರೇ, ನಡುವೆ ಸುಬ್ರಹ್ಮಣ್ಯದಲ್ಲಿ ಆಶ್ಲೇಷಾ ಬಲಿ, ಎಲ್ಲ ಮುಗಿದ ಮೇಲೆ ಗಂಡಸಿನ ಸರದಿ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನ ಹೆಂಡತಿಯಲ್ಲಿ ಹೇಳಿಕೊಂಡದ್ದು ಹೀಗೆ: ಅವಳ ಗಂಡನಿಗೆ ಲ್ಯಾಬಿಗೆ ಹೋಗಲು ನಾಚಿಕೆ. ಮನೆಯಲ್ಲೇ ಸಂಗ್ರಹಿಸಿದ ಮಾದರಿಯ ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ, ಮೈಬಿಸಿ ಆರಬಾರದೆಂದು ರವಿಕೆಯ ಬಳಿ ಇಟ್ಟುಕೊಂಡು, ಅವಳು ಉಪ್ಪಳದಲ್ಲಿ ಮಂಗಳೂರು ಬಸ್ಸು ಹತ್ತಿದಳು. ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ತಲಪಾಡಿಯ ಟೋಲ್ ಗೇಟಿನಲ್ಲಿ ಲಾರಿಗಳ ಸಾಲು. ಗಡಿಯಾರ ನೋಡುತ್ತಾ ಅವಳು ಬೆವತಳು. ಫಲಿತಾಂಶ ಕೆಟ್ಟದಾಗಿ ಬಂದಾಗ ಅತ್ತೆ ಕೇಳಿದ್ದು, “ನೀನು ಡಬ್ಬಿಯನ್ನು ಸರಿಯಾಗಿ ಹಿಡಿದುಕೊಂಡಿದ್ದೆಯಾ?”

ಆ ಫಲಿತಾಂಶದ ಗೆರೆಯಾದರೂ ಗಂಡಸಿನ ಮೇಲೆ ಕರುಣೆಯುಳ್ಳದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲಿ ಮಿಲಿಲೀಟರಿಗೆ 2 ಕೋಟಿ ವೀರ್ಯಾಣು ಎಂದಿದ್ದದ್ದು 2010ರಲ್ಲಿ 1.5 ಕೋಟಿಗೆ ಇಳಿಯಿತು, 2021ರಲ್ಲಿ 1.6 ಕೋಟಿಯಾಯಿತು. ಇದಕ್ಕೆ ಶಾಸ್ತ್ರೀಯ ಕಾರಣಗಳಿವೆ, ಮಕ್ಕಳಾದ ಗಂಡಸರನ್ನೇ ಅಳೆದು ನೋಡಿ ಮಾಡಿದ ಬದಲಾವಣೆ ಅದು. ಆದರೂ ಪಾಸ್ ಮಾರ್ಕು ಇಳಿದು ರಾತ್ರೋರಾತ್ರಿ ಉತ್ತೀರ್ಣರಾದವರ ಸಂತೋಷ ಹತ್ತನೆಯ ತರಗತಿಯ ಅಧ್ಯಾಪಕನಾಗಿದ್ದ ನನಗೆ ಅರ್ಥವಾಗುತ್ತದೆ. ಅದರಲ್ಲೂ ಅನುತ್ತೀರ್ಣನಾದವನಿಗಾಗಿ 1992ರಲ್ಲಿ ಬ್ರಸೆಲ್ಸಿನ ವೈದ್ಯರು ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಇಳಿಸುವ ದಾರಿ ತೋರಿಸಿಕೊಟ್ಟರು. ದೋಷ ಅವನದು, ದಿನದಿನವೂ ಹಾರ್ಮೋನಿನ ಚುಚ್ಚುಮದ್ದು, ಮರವಳಿಕೆ ಕೊಟ್ಟು ಅಂಡ ತೆಗೆಯುವುದು, ಭ್ರೂಣ ನಿಲ್ಲುವುದೋ ಇಲ್ಲವೋ ಎಂದು ಎರಡು ವಾರ ಉಸಿರು ಬಿಗಿಹಿಡಿಯುವುದು, ಎಲ್ಲವೂ ಅವಳ ಪಾಲು. ಅವನಿಗೆ ನೆಗಡಿಯಾದರೆ ಅವಳಿಗೆ ಕಷಾಯ ಕುಡಿಸಿದ ಹಾಗೆ.

ನಮ್ಮ ಪುರಾಣದಲ್ಲಿ ಇದಕ್ಕೊಂದು ತಿದ್ದುಪಡಿ ಇದೆ. ರಾಣಿಯರಿಗೆಂದು ಋಷಿಗಳು ಮಂತ್ರಿಸಿಟ್ಟ ನೀರನ್ನು ನಡುರಾತ್ರಿ ಬಾಯಾರಿ ಕುಡಿದ ಯುವನಾಶ್ವ ಮಹಾರಾಜ ತಾನೇ ಬಸುರಾಗಿ, ಅವನ ಪಕ್ಕೆ ಸೀಳಿ ಮಾಂಧಾತ ಹುಟ್ಟಿದನಷ್ಟೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ನಾಡಿನ ತಾಳಮದ್ದಳೆಗಳಲ್ಲಿ ಯುವನಾಶ್ವನ ಪಾತ್ರಕ್ಕೆ ಅರ್ಥ ಹೇಳಿದ್ದನ್ನು ನಾನಂತೂ ಕೇಳಿದ್ದಿಲ್ಲ. ಹೇಳುವುದಿದ್ದರೆ ಆ ನೀರನ್ನು ಈಗ ಪಾಕ್ಷಿಕದಲ್ಲಿ ವೇದಿಕೆಯ ಮೇಲಿನ ಗ್ಲಾಸುಗಳಲ್ಲಿ ತುಂಬಿಸಿಡಬೇಕೆಂದು ನನ್ನ ಸಲಹೆ.

ವಂದನಾರ್ಪಣೆ ಮುಗಿದು ಉಪ್ಪಿಟ್ಟಿನ ವಾಸನೆ ಬರತೊಡಗಿದಾಗ ಆಶಾ ಕಾರ್ಯಕರ್ತೆ ರಿಜಿಸ್ಟರ್ ಹಿಡಿದು ವೇದಿಕೆಗೆ ಬಂದಳು. ‘ಭಾಗವಹಿಸಿದ ಪುರುಷರು’ ಎಂಬ ಕಾಲಂ ಖಾಲಿ ಬಿಟ್ಟರೆ ಮೇಲಿನವರು ಕೇಳುತ್ತಾರಂತೆ. ಅಧ್ಯಕ್ಷರು, ಡಾಕ್ಟರು, ಸ್ವಾಗತ ಮಾಡಿದವರು, ತೀರ್ಪು ಕೊಟ್ಟ ಹಿರಿಯರು, ಮೈಕಿನವನು ಎಂದು ಬೆರಳು ಮಡಚಿ ಎಣಿಸಿದಳು. “ನಿಮ್ಮನ್ನೂ ಸೇರಿಸಿದೆ ಮಾಷ್ಟ್ರೇ, ಒಟ್ಟು ಆರು” ಎಂದು ಪೆನ್ನು ಚಾಚಿದಳು. ಸಹಿ ಹಾಕಿದೆ. ಪ್ರಾಯದ ಕಾಲಂನಲ್ಲಿ 67 ಎಂದು ಬರೆಯಹೊರಟವನನ್ನು ತಡೆದು, “ಅಲ್ಲಿ ಏನೂ ಬರೆಯಬೇಡಿ” ಎಂದಳು.