ಗರ್ಭನೀರು ಹಸಿರಾಗಿದ್ದ ಮಾತ್ರಕ್ಕೆ ಶಿಶುವಿಗೆ ಸೋಂಕಿದೆ ಎಂದಲ್ಲ: ಒಂದು ಸ್ಪಷ್ಟನೆ

ಶಿಶು ಗರ್ಭದಲ್ಲೇ ಮಲ ವಿಸರ್ಜಿಸಿ ಗರ್ಭನೀರು ಹಸಿರಾಗಿದ್ದರೆ ಅದರ ರಕ್ತಕ್ಕೆ ಸೋಂಕು ತಗುಲಿದೆ, ಸಿಆರ್‌ಪಿ (ದೇಹದಲ್ಲಿ ಉರಿಯೂತವಾದಾಗ ರಕ್ತದಲ್ಲಿ ಹೆಚ್ಚುವ ಒಂದು ಪ್ರೋಟೀನ್) ಪ್ರಮಾಣ ಏರಿರುವುದೇ ಅದಕ್ಕೆ ಸಾಕ್ಷಿ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ. ಸುಮಾರು ಶೇ. 10ರಿಂದ 15ರಷ್ಟು ಹೆರಿಗೆಗಳಲ್ಲಿ, ಅದರಲ್ಲೂ ದಿನ ಮೀರಿದ ಗರ್ಭಗಳಲ್ಲಿ, ಹೀಗಾಗುತ್ತದೆ. ಈ ಶಿಶುಗಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಇರುತ್ತವೆ.

ಉರಿಯೂತ ಮತ್ತು ಸೋಂಕು ಒಂದೇ ಅಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಈ ಮೊದಲ ಮಲವಾದ ಮೆಕೋನಿಯಂ ಶ್ವಾಸಕೋಶವನ್ನು ಸೇರಿದರೆ, ಅದರಲ್ಲಿರುವ ಪಿತ್ತರಸದ ಅಂಶಗಳು ಮತ್ತು ಕಿಣ್ವಗಳು ಯಾವ ಬ್ಯಾಕ್ಟೀರಿಯಾ ಇಲ್ಲದೆಯೂ ಅಲ್ಲಿ ಉರಿಯೂತವನ್ನು ಉಂಟುಮಾಡಬಲ್ಲವು. ದೀರ್ಘವಾದ, ಕಷ್ಟದ ಹೆರಿಗೆಯಿಂದಲೂ ಜನನದ ನಂತರದ ಒಂದೆರಡು ದಿನಗಳಲ್ಲಿ ಸಿಆರ್‌ಪಿ ಏರಬಹುದು. ಆದ್ದರಿಂದ ಒಂದೇ ಪರೀಕ್ಷೆಯ ಅಂಕಿಯಿಂದ ಸೋಂಕನ್ನು ನಿರ್ಧರಿಸಲಾಗದು. ರಕ್ತದ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ), ಮರುಪರೀಕ್ಷೆ ಹಾಗೂ ಎಲ್ಲಕ್ಕಿಂತ ಮುಖ್ಯವಾಗಿ ಶಿಶುವಿನ ಸ್ಥಿತಿಯನ್ನು ಒಟ್ಟಾಗಿ ನೋಡಬೇಕು.

ಹಾಗೆಂದು ಕೆಲವೊಮ್ಮೆ ಸೋಂಕು ಜೊತೆಗಿರುವುದನ್ನು ಅಲ್ಲಗಳೆಯುವಂತಿಲ್ಲ. ತಾಯಿಗೆ ಜ್ವರವಿದ್ದರೆ, ಶಿಶು ವೇಗವಾಗಿ ಉಸಿರಾಡುತ್ತಿದ್ದರೆ, ನರಳುತ್ತಿದ್ದರೆ ಅಥವಾ ಹಾಲು ಕುಡಿಯದಿದ್ದರೆ, ಕಲ್ಚರ್ ವರದಿಗೆ ಕಾಯದೆ ವೈದ್ಯರು ಆಂಟಿಬಯಾಟಿಕ್ ಆರಂಭಿಸಬಹುದು. ಈ ಸ್ಪಷ್ಟನೆಯನ್ನು ಮುಂದಿಟ್ಟುಕೊಂಡು ಪೋಷಕರು ಆ ಚಿಕಿತ್ಸೆಯನ್ನು ನಿರಾಕರಿಸಬಾರದು.