ವಿಮೆ ಎಷ್ಟು ಕೊಡುತ್ತದೆ, ನಮ್ಮ ಕೈಯಿಂದ ಎಷ್ಟು ಹೋಗುತ್ತದೆ

ಕಲಬುರಗಿಯಲ್ಲಿರುವ ನನ್ನ ಬಂಧುಬಳಗದಲ್ಲಿ ಆರೋಗ್ಯ ವಿಮೆಯ ಮಾತು ಬಂದಾಗ ಮೊದಲು ಕೇಳಿಬರುವ ಪ್ರಶ್ನೆ ‘ಎಷ್ಟು ಲಕ್ಷದ ಪಾಲಿಸಿ?’ ಎಂಬುದು. ನಾನು ನೆಲೆಸಿರುವ ಅಮೆರಿಕದ ನ್ಯೂಜೆರ್ಸಿಯಲ್ಲಿ ಸಹೋದ್ಯೋಗಿಗಳು ವರ್ಷವರ್ಷವೂ ಪ್ಲಾನ್ ಆರಿಸಿಕೊಳ್ಳುವಾಗ ಕೇಳುವುದು ‘ವರ್ಷಕ್ಕೆ ಹೆಚ್ಚೆಂದರೆ ನಮ್ಮ ಕೈಯಿಂದ ಎಷ್ಟು ಹೋಗುತ್ತದೆ?’ ಎಂದು. ಮೊದಲನೆಯದು ಕಂಪನಿಯ ಮಿತಿಯನ್ನು ಹುಡುಕುತ್ತದೆ, ಎರಡನೆಯದು ರೋಗಿಯ ಮಿತಿಯನ್ನು. ಇಲ್ಲಿನ ವೈದ್ಯಕೀಯ ವ್ಯವಸ್ಥೆಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಪ್ರೀಮಿಯಂ, ಆಸ್ಪತ್ರೆಯ ಬಿಲ್ಲು ಎರಡೂ ಇಲ್ಲಿ ವಿಪರೀತ. ಆದರೂ ಈ ಎರಡನೆಯ ಪ್ರಶ್ನೆಯನ್ನು ನಮ್ಮವರು ಕೇಳಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಇಲ್ಲಿನ ಲೆಕ್ಕವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಪ್ಲಾನಿನ ಡಿಡಕ್ಟಿಬಲ್, ಅಂದರೆ ವಿಮೆ ಕೊಡಲು ಶುರುಮಾಡುವ ಮೊದಲು ರೋಗಿಯೇ ಕಟ್ಟಬೇಕಾದ ಮೊತ್ತ, 2,000 ಡಾಲರ್, ಆನಂತರ ರೋಗಿಯ ಪಾಲು ಶೇ 20, ವರ್ಷಕ್ಕೆ ರೋಗಿಯ ಕೈಯಿಂದ ಹೋಗುವ ಗರಿಷ್ಠ ಮಿತಿ 6,000 ಡಾಲರ್ ಎಂದಿಟ್ಟುಕೊಳ್ಳಿ. 50,000 ಡಾಲರ್ ಬಿಲ್ಲಾದರೆ ಮೊದಲ 2,000 ರೋಗಿಯದು. ಉಳಿದ 48,000ದಲ್ಲಿ ಶೇ 20 ಎಂದರೆ 9,600. ಆದರೆ ಗರಿಷ್ಠ ಮಿತಿ ಅಡ್ಡ ಬರುವುದರಿಂದ ಅವನು ಕೊಡುವುದು ಒಟ್ಟು 6,000 ಮಾತ್ರ. 2010ರ ಆರೋಗ್ಯ ಸುಧಾರಣಾ ಕಾಯ್ದೆಯಿಂದಾಗಿ ಈ ಮಿತಿಗೆ ಸರ್ಕಾರವೇ ಮೇಲ್ಗಡಿ ಹಾಕುತ್ತದೆ. 2025ರಲ್ಲಿ ಅದು ಒಬ್ಬರಿಗೆ 9,200 ಡಾಲರ್ ಇತ್ತು. ಪ್ರೀಮಿಯಂ ಆಗಲಿ, ನೆಟ್‌ವರ್ಕಿನ (ವಿಮಾ ಕಂಪನಿಯೊಂದಿಗೆ ಒಪ್ಪಂದವಿರುವ ಆಸ್ಪತ್ರೆಗಳ) ಹೊರಗಿನ ಆಸ್ಪತ್ರೆಗೆ ನಾವಾಗಿ ಹೋದ ಖರ್ಚಾಗಲಿ ಸಾಮಾನ್ಯವಾಗಿ ಇದರಲ್ಲಿ ಸೇರುವುದಿಲ್ಲ ಎನ್ನುವುದನ್ನೂ ಮರೆಯಬಾರದು.

ನಮ್ಮಲ್ಲಿ ಮಿತಿ ಇರುವುದು ಕಂಪನಿ ಕೊಡುವ ಹಣಕ್ಕೆ. ಐದು ಲಕ್ಷದ ಪಾಲಿಸಿಯಾದರೆ, ಆ ಐದು ಲಕ್ಷ ಮುಗಿಯಿತೆಂದರೆ ಉಳಿದದ್ದೆಲ್ಲ ಮನೆಯವರ ಮೇಲೆ. ಐದು ಲಕ್ಷ ಮುಟ್ಟುವ ಮೊದಲೇ ಕೈಯಿಂದ ದುಡ್ಡು ಹೋಗುವ ದಾರಿಗಳೂ ಇವೆ, ಅವು ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಕಾಕಾ ಸೊಲ್ಲಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡಾಗ ದಿನಕ್ಕೆ 8,000 ರೂಪಾಯಿಯ ಕೋಣೆ ಹಿಡಿದಿದ್ದರು. ಪಾಲಿಸಿಯಲ್ಲಿ ಕೋಣೆ ಬಾಡಿಗೆಯ ಮಿತಿ ವಿಮಾ ಮೊತ್ತದ ಶೇ 1, ಅಂದರೆ 5,000. ದಿನಕ್ಕೆ ಮೂರು ಸಾವಿರ ತಾವು ಹಾಕಿದರಾಯಿತು ಎಂದುಕೊಂಡಿದ್ದರು. ಆದರೆ ಕೋಣೆಯ ದರ್ಜೆಗೆ ತಕ್ಕಂತೆ ಡಾಕ್ಟರ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲದರ ದರವೂ ಏರುವುದರಿಂದ, ಕಂಪನಿ ಅವುಗಳಲ್ಲಿಯೂ ಎಂಟರಲ್ಲಿ ಐದು ಪಾಲನ್ನಷ್ಟೇ ಕೊಡುತ್ತದೆ. ಇಂಥ ಖರ್ಚು 1,60,000 ಆಗಿದ್ದರೆ 60,000 ನಮ್ಮದೇ. ಔಷಧ, ಇಂಪ್ಲಾಂಟ್, ತಪಾಸಣೆಗಳಿಗೆ ಈ ಕಡಿತ ತಾಗುವುದಿಲ್ಲ. ಕೈಗವಸು, ಮಾಸ್ಕಿನಂಥ ಸಾಮಾನುಗಳ ಬಿಲ್ಲನ್ನು ಮಾತ್ರ ಎಷ್ಟೋ ಪಾಲಿಸಿಗಳು ಪೂರ್ತಿ ತಳ್ಳಿಹಾಕುತ್ತವೆ. ‘ಐದು ಲಕ್ಷದ ಪಾಲಿಸಿ ಅದ, ಮತ್ತ ರೊಕ್ಕ ಯಾಕ ಕೇಳ್ಲಿಕತ್ತಾರ?’ ಎಂದು ಕಾಕಾ ಡಿಸ್ಚಾರ್ಜ್ ದಿನ ಫೋನಿನಲ್ಲಿ ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು. ಪಾಲಿಸಿ ಮಾರುವಾಗಲೇ ಅದಕ್ಕೆ ಉತ್ತರ ಸಿಗಬೇಕಾಗಿತ್ತು.

ಸರ್ಕಾರಿ ಯೋಜನೆಯ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ಹಿರಿಮೆಯಿದೆ. ಬಡ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತವಾಗಿ ಕೊಡುತ್ತಿದ್ದ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಜಾರಿಯಾದದ್ದು ನಮ್ಮ ಕಲಬುರಗಿ ವಿಭಾಗದಲ್ಲಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯಿದೆ. ಎಪಿಎಲ್ ಕುಟುಂಬಕ್ಕೆ ಸಿಗುವುದು ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ) ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಒಳಗೆ. ಕಾರ್ಡ್ ಇದ್ದರೆ ಎಲ್ಲವೂ ಉಚಿತವೆಂದು ನಂಬಿ ಹೊರಡುವ ಎಪಿಎಲ್ ಕುಟುಂಬ ಉಳಿದ ಶೇ 70ನ್ನು ಹೊಂದಿಸಿಕೊಂಡೇ ಹೋಗಬೇಕು. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯೂ ಬೇಕು. ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಾಗಲಿ ಬೀದರಿನ ಬ್ರಿಮ್ಸ್‌ನಲ್ಲಾಗಲಿ ಅದನ್ನು ಮೊದಲೇ ಪಡೆಯದೆ ಹೊರಟವರು ಪೂರ್ತಿ ಬಿಲ್ಲು ತಾವೇ ಕಟ್ಟುವ ಸ್ಥಿತಿಗೆ ಬರುತ್ತಾರೆ.

ಅಮೆರಿಕದ ಒಂದು ಪದ್ಧತಿಯನ್ನಂತೂ ನಾವು ಹಾಗೆಯೇ ತೆಗೆದುಕೊಳ್ಳಬಹುದು. ಇಲ್ಲಿ ಪ್ರತಿ ಪ್ಲಾನಿನ ಜೊತೆಗೆ ಒಂದೇ ನಮೂನೆಯ ಸಾರಾಂಶ ಪತ್ರ ಕೊಡಬೇಕೆಂದು ಕಾನೂನಿದೆ. ಅದರಲ್ಲಿ ಒಂದು ಹೆರಿಗೆ, ಒಂದು ವರ್ಷದ ಸಕ್ಕರೆ ಕಾಯಿಲೆಯ ಚಿಕಿತ್ಸೆ, ಒಂದು ಮೂಳೆಮುರಿತ, ಈ ಮೂರಕ್ಕೂ ರೋಗಿ ಅಂದಾಜು ಎಷ್ಟು ಕೊಡಬೇಕಾಗುತ್ತದೆ ಎಂಬ ಲೆಕ್ಕ ಇರುತ್ತದೆ. ಭಾರತದಲ್ಲಿಯೂ 2024ರ ಜನವರಿ 1ರಿಂದ ಹೊಸ ನಮೂನೆಯ ಗ್ರಾಹಕ ಮಾಹಿತಿ ಪತ್ರ ಕಡ್ಡಾಯವಾಗಿದೆ. ಕೋಣೆ ಬಾಡಿಗೆಯ ಮಿತಿ, ಕೋ-ಪೇ (ಬಿಲ್ಲಿನಲ್ಲಿ ನಾವು ಕೊಡಬೇಕಾದ ಪಾಲು), ಕೆಲವು ಕಾಯಿಲೆಗಳಿಗೆ ವಿಮೆ ಸಿಗುವ ಮೊದಲು ಕಾಯುವ ಅವಧಿ ಎಲ್ಲವೂ ಅದರಲ್ಲಿ ಬರುತ್ತವೆ, ಗ್ರಾಹಕ ಕೇಳಿದರೆ ಸ್ಥಳೀಯ ಭಾಷೆಯಲ್ಲಿಯೂ ಕೊಡಬೇಕು. ಪಾಲಿಸಿ ಕೊಂಡಿರುವ ಕಲಬುರಗಿ, ಬೀದರ, ಯಾದಗಿರಿಯ ಪ್ರತಿಯೊಬ್ಬರೂ ಏಜೆಂಟರಿಂದ ಇದನ್ನು ಕನ್ನಡದಲ್ಲಿ ಕೇಳಿ ಪಡೆಯಲಿ. ವಿಮಾ ನಿಯಂತ್ರಣ ಪ್ರಾಧಿಕಾರವು ಈ ಪತ್ರಕ್ಕೆ ಇನ್ನೊಂದು ಪುಟ ಸೇರಿಸಿ, ಹೃದಯಕ್ಕೆ ಸ್ಟೆಂಟ್ ಹಾಕಿಸಿದರೆ, ಡಯಾಲಿಸಿಸ್ ಮಾಡಿಸಿಕೊಂಡರೆ, ಮಿತಿ ಮೀರಿದ ಕೋಣೆ ಹಿಡಿದರೆ ನಮ್ಮ ಕೈಯಿಂದ ಹೋಗುವ ರೂಪಾಯಿ ಎಷ್ಟೆಂಬುದನ್ನು ಅಂಕಿಯಲ್ಲಿ ಬರೆಸಬೇಕು.